ಅಂಕಪಟ್ಟಿ ಸಾಲದು, ಉತ್ತರ ಪತ್ರಿಕೆ ಕೇಳಿ

ಪರೀಕ್ಷೆಯ ಫಲಿತಾಂಶ ಕುಸಿದರೆ ಶಾಲೆಯೊಂದೇ ಹೊಣೆ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತು ಪೂರ್ತಿ ಒಪ್ಪುವಂಥದ್ದಲ್ಲ, ಪೋಷಕರ ಪಾಲೂ ಇದೆ. ಬೆಂಗಳೂರಿನಲ್ಲಿ ಎಷ್ಟೋ ಪೋಷಕರ ಸಭೆಗಳು ಅಂಕಪಟ್ಟಿಗೆ ಸಹಿ ಹಾಕುವಲ್ಲಿಗೇ ಮುಗಿಯುತ್ತವೆ. ಅಂಕದಿಂದ ಏನೂ ತಿಳಿಯುವುದಿಲ್ಲ, ಉತ್ತರ ಪತ್ರಿಕೆ ಕೇಳಿ ನೋಡಿ.

ಹತ್ತನೇ ತರಗತಿಯ ವರ್ಗ ಸಮೀಕರಣವನ್ನೇ ತೆಗೆದುಕೊಳ್ಳಿ. ಅದರಲ್ಲಿ x ಜೊತೆಗಿರುವ ಸಂಖ್ಯೆಯೇ ಬಿ. ಬಿ ಬೆಲೆ −5 ಇದ್ದರೆ, ಸಮೀಕರಣ ಬಿಡಿಸುವ ಸೂತ್ರದ −ಬಿ ಜಾಗಕ್ಕೆ +5 ಬರಬೇಕು. ಮಗು −5 ಎಂದೇ ಹಾಕಿರುತ್ತದೆ. ಸೂತ್ರ ಬರೆದದ್ದಕ್ಕೆ ಅಂಕ ಸಿಕ್ಕಿ, ಮುಂದಿನದೆಲ್ಲ ಹೋಗುತ್ತದೆ. ಇದು ಓದದೇ ಆದ ತಪ್ಪಲ್ಲ, ಚಿಹ್ನೆಯ ತಪ್ಪು. ಇದಕ್ಕೆ ಟ್ಯೂಷನ್ ಹಚ್ಚಿ ಮಗುವಿನ ಸಂಜೆ ಕಸಿಯಬೇಡಿ, ದಯವಿಟ್ಟು. 7ನೇ ತರಗತಿಯ ಪೂರ್ಣಾಂಕಗಳ (ಧನ, ಋಣ ಚಿಹ್ನೆಯ ಸಂಖ್ಯೆಗಳ) ಪಾಠಕ್ಕೆ ಮರಳಿ ದಿನಕ್ಕೆ ಐದೇ ಲೆಕ್ಕ ಮಾಡಿಸಿ.

ಶಿಕ್ಷಕರು ಕೆಂಪು ಗೀಟಿನ ಪಕ್ಕ ತಪ್ಪು ಯಾವ ಹಂತದ್ದೆಂದು ಎರಡು ಪದ ಬರೆಯಲಿ. ವಿದ್ಯಾರ್ಥಿ ಅದೇ ಲೆಕ್ಕವನ್ನು ಉತ್ತರ ನೋಡದೆ ಅದೇ ವಾರ ಮತ್ತೆ ಮಾಡಲಿ. ನೋಡಿ ನಕಲಿಳಿಸಿದರೆ ಕೈಗೆ ಅಭ್ಯಾಸವಾಗುತ್ತದೆ, ತಲೆಗಲ್ಲ.

ಸರ್ಕಾರಿ ಶಾಲೆಯ ಪೋಷಕರಿಗೆ ಇನ್ನೊಂದು ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಉತ್ತರ ಪತ್ರಿಕೆ ತೋರಿಸುವ ದಿನವನ್ನು ಆ ಸಮಿತಿಯ ಸಭೆಯಲ್ಲೇ ಗೊತ್ತುಮಾಡಿಸಿ.