ಕವಿಮನೆಗೆ ಬರೋದು ಇದಕ್ಕಾ?

ಕುಪ್ಪಳಿಯ ಕವಿಮನೆಗೆ, ಅಂದರೆ ಕುವೆಂಪು ಅವರ ಮನೆಗೆ, ಬರುವವರಿಗೆ ನಿಜಕ್ಕೂ ಏನು ಬೇಕು ಸ್ವಾಮಿ? ಒಳಗೆ ಫೋಟೋ ತೆಗೆಯಬಾರದು ಅಂತ ಬೋರ್ಡಿದ್ದರೆ ಅದರ ಕೆಳಗೇ ನಿಂತು ಮೊಬೈಲ್ ಎತ್ತುತ್ತಾರೆ. ಬೇಡ ಅಂದರೆ "ಒಂದೇ ಒಂದು ಸಾರ್" ಅಂತ ಗೋಗರೆತ. ತೊಟ್ಟಿಯ ಕಂಬಕ್ಕೆ ಒರಗಿ ಪೋಸು, ಜಗಲಿಯಲ್ಲಿ ರೀಲ್ಸು. ಕವಿಯ ಕೈಬರಹದ ಮುಂದೆ ಒಂದು ನಿಮಿಷ ನಿಲ್ಲೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ, ಆಗುಂಬೆ ಸೂರ್ಯಾಸ್ತ ತಪ್ಪಿಹೋಗುತ್ತಂತೆ!

ಮೊನ್ನೆ ಭಾನುವಾರ ಮನೆ ಹತ್ತಿರದ ಗುಡ್ಡ ಕವಿಶೈಲದಲ್ಲಿ ಕಂಡಿದ್ದನ್ನಂತೂ ಸಹಿಸೋಕಾಗಲಿಲ್ಲ. 1994ರ ನವೆಂಬರಿನಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದ ಜಾಗ ಅದು. ಸಮಾಧಿಗೆ ಬೆನ್ನು ಕೊಟ್ಟು ಕೂತ ಒಂದು ಗುಂಪು ಚಿಪ್ಸ್ ಪೊಟ್ಟಣ ಬಿಚ್ಚಿಕೊಂಡು, ಕಾಡೆಲ್ಲ ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಸ್ಪೀಕರ್ ಹಾಕಿತ್ತು. ಅಲ್ಲಿನ ಬಂಡೆಯ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರುಗಳಿವೆ. ಕನ್ನಡದ ಮೂರು ದೊಡ್ಡ ಜೀವಗಳು ಒಟ್ಟಿಗೆ ಕೂತ ಕಲ್ಲದು. ಅದರ ಹತ್ತಿರವೇ ಒಬ್ಬ ಹುಡುಗ ಬೈಕಿನ ಕೀಯಿಂದ ಕಲ್ಲು ಕೆರೆಯುತ್ತಿದ್ದ. ಅವನ ಹೆಸರಿನ ಮೊದಲಕ್ಷರ, ಪಕ್ಕದಲ್ಲೊಂದು ಹೃದಯ, ಅದಕ್ಕೆ ಚುಚ್ಚಿದ ಬಾಣ. ಬಿಳಿ ಪುಡಿ ಉದುರಿದಾಗೆಲ್ಲ ಬಾಯಲ್ಲಿ ಊದಿ ಊದಿ ಚೊಕ್ಕಟ ಮಾಡುತ್ತಿದ್ದ!

2015ರಲ್ಲಿ ಇದೇ ಮನೆಯಿಂದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದಾಗ ನಾಡಿಗೆ ನಾಡೇ ಬಾಯಿ ಬಡಿದುಕೊಂಡಿತ್ತಲ್ಲ? ಹಾಡಹಗಲೇ ಕಲ್ಲು ಕೆರೆಯುವವನನ್ನು ಕೇಳೋರು ಯಾರೂ ಇಲ್ವಾ?

ನಾನು ಕೇಳಿದೆ. "ನಿಮ್ಮಪ್ಪಂದಾ ಈ ಬಂಡೆ?" ಅಂದ. ಅಲ್ಲಪ್ಪಾ, ನಿಮ್ಮಪ್ಪನ ಸಮಾಧಿ ಪಕ್ಕದಲ್ಲಿ ಹೀಗೆ ಗೀಚುತ್ತಿದ್ದೆಯಾ ನೀನು?