ಯಾರೂ ಹೆದರದ ಕೋವಿ

ಮಲೆನಾಡಿನಲ್ಲಿ ಕೋವಿಗಳಿಗೂ ಅಂತಸ್ತಿದೆ. ಜೋಡುನಳಿಗೆಯ ತೋಟಾ ಕೋವಿ ಇರುವ ಮನೆಗೆ ಊರಿನಲ್ಲಿ ಒಂದು ಗತ್ತು ತಾನಾಗಿ ಬರುತ್ತದೆ. ಒಂಟಿನಳಿಗೆಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ನಳಿಗೆಯ ಬಾಯಿಂದ ಮಸಿ, ಅಂದರೆ ಕರಿಮದ್ದು, ಸುರಿದು, ಸೀಸದ ಚರೆ ಹಾಕಿ, ಗಜವೆಂಬ ಸರಳಿನಿಂದ ಜಡಿದು, ಬಡಿದರೆ ಸಿಡಿಯುವ ಪುಟ್ಟ ಲೋಹದ ಕೇಪು ಕೂರಿಸಿ ಹೊಡೆಯುವ ಕೇಪಿನ ಕೋವಿ ಹಳೆಯ ಕಾಲದ್ದೇ ಆದರೂ, ಅದರ ಒಂದು ಈಡಿಗೆ ಕಣಿವೆಯ ಆಚೆ ಬದಿಯ ನಾಯಿಗಳೂ ಬೊಗಳುವುದರಿಂದ ಅದರ ಮರ್ಯಾದೆಗೆ ಇನ್ನೂ ಕುಂದು ಬಂದಿಲ್ಲ. ಈ ಪಂಕ್ತಿಯಲ್ಲಿ ಎಲೆ ಸಿಗದೆ ಗೋಡೆಗೆ ಒರಗಿ ನಿಂತಿರುವುದು ಪಾಯಿಂಟ್ ಟೂಟೂ, ಅಂದರೆ 0.22 ಅಂಗುಲದ ನಳಿಗೆಯ, ರೈಫಲು. ಅದರ ತೋಟಾ ಉದ್ದದಲ್ಲಿ ಒಂದಂಗುಲ, ದಪ್ಪದಲ್ಲಿ ಪೆನ್ಸಿಲಿಗಿಂತಲೂ ಕಡಿಮೆ. ಅದರೊಳಗಿನ ಸೀಸದ ಗುಂಡಿನ ತೂಕ ಎರಡೂವರೆ ಗ್ರಾಮಿನ ಆಸುಪಾಸು.

ಇಂಥ ಕೋವಿಯನ್ನು ಇಟ್ಟುಕೊಂಡವನು ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ. ಅಡಿಕೆ ಕೊಯ್ಲಿನ ಲೆಕ್ಕಾಚಾರಕ್ಕೆ ಬಂದವರಿರಲಿ, ಮದುವೆ ಕರೆಯಲು ಬಂದವರಿರಲಿ, ಗೋಡೆಯ ಕಡೆ ಕಣ್ಣು ಹಾಯಿಸಿದ ಮೇಲೆ ಕೇಳುವುದು ಅದನ್ನೇ: "ಇದರಲ್ಲಿ ಎಂಥ ಹೊಡೀತೀರಿ ಮಾರಾಯ್ರೇ?" ಪ್ರಾಮಾಣಿಕವಾದ ಉತ್ತರವೆಂದರೆ, ಏನನ್ನೂ ಇಲ್ಲ. ಕಾಡುಹಂದಿಯ ಎದುರು ಅದು ತೀರ ಅಲ್ಪಶಕ್ತಿಯದು. ಮಂಗನ ಮೇಲೆ ಗುರಿಯಿಡಲು ಕಾನೂನಿನ ಒಪ್ಪಿಗೆಯೂ ಇಲ್ಲ, ಹನುಮಂತನ ಒಪ್ಪಿಗೆಯೂ ಇಲ್ಲ. ಹೆದರಿಸಿ ಓಡಿಸೋಣವೆಂದರೆ ಅದರ ಸದ್ದು ಕೊಟ್ಟಿಗೆಯ ದನವನ್ನೂ ಎಬ್ಬಿಸುವಂಥದ್ದಲ್ಲ. ಆ ಕೆಲಸಕ್ಕೆ ದೀಪಾವಳಿಯಲ್ಲಿ ಉಳಿದ ಪಟಾಕಿಯೇ ಮೇಲು. ಹೀಗಿದ್ದೂ, ನಾನು ಕಂಡಂತೆ, ತೋಟ ಮಾರಿದವರಿದ್ದಾರೆ, ಜೋಡುನಳಿಗೆಯನ್ನು ಮಾರಿದವರಿದ್ದಾರೆ, ಆದರೆ ಟೂಟೂ ಮಾರಲು ಮನಸ್ಸು ಮಾಡಿದವರು ಅಪರೂಪ. ಅದರ ಆಕರ್ಷಣೆಯಿರುವುದೇ ಯಾವ ದೊಡ್ಡ ಕೆಲಸಕ್ಕೂ ಒದಗದಿರುವುದರಲ್ಲಿ ಎಂದು ನನಗೆ ಅನ್ನಿಸುತ್ತದೆ. ಮಾಡುವ ಕೆಲಸವೇ ಇಲ್ಲದ ಕೋವಿಯಲ್ಲಿ ಉಳಿಯುವುದು ಗುರಿಯೊಂದೇ. ಗುರಿ ಹಿಡಿಯುವುದರ ಸುಖವನ್ನು ಬೇಟೆಯ ಹಂಗಿಲ್ಲದೆ, ಮಾಂಸದ ಲೆಕ್ಕವಿಲ್ಲದೆ, ಪ್ರತಿಷ್ಠೆಯ ಭಾರವಿಲ್ಲದೆ ಕೊಡಬಲ್ಲ ಕೋವಿ ಇನ್ನೊಂದಿಲ್ಲ.

ಹುಟ್ಟಿನಿಂದಲೂ ಅದರ ಜಾತಕ ಹೀಗೆಯೇ ಇದೆ. 1840ರ ದಶಕದಲ್ಲಿ ಪ್ಯಾರಿಸಿನ ಫ್ಲೋಬೆರ್ ಎಂಬ ಕೋವಿ ತಯಾರಕನು ಕೇಪಿನ ಬಾಯಿಗೇ ಒಂದು ಪುಟ್ಟ ಸೀಸದ ಗುಂಡನ್ನು ಕೂರಿಸಿದ. ಮಸಿಯೇ ಇಲ್ಲದೆ, ಕೇಪಿನ ಸಿಡಿತದಿಂದಲೇ ಹಾರುತ್ತಿದ್ದ ಆ ಗುಂಡು ಸಿರಿವಂತರು ಮನೆಯೊಳಗೆ, ನಡುಮನೆಯಲ್ಲಿ ನಿಂತು, ಗುರಿ ಹೊಡೆದು ಆಡುವುದಕ್ಕೆಂದು ಆದದ್ದು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅದಕ್ಕೆ ಸ್ವಲ್ಪ ಮಸಿ ಸೇರಿಸಿ ತನ್ನ ಮೊದಲ ರಿವಾಲ್ವರಿಗೆ ಅಳವಡಿಸಿತು. ಈಗ ಲೋಕವೆಲ್ಲ ಬಳಸುವ ಲಾಂಗ್ ರೈಫಲ್ ತೋಟಾ 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂತು. ಆಮೇಲೆ ಎರಡು ಮಹಾಯುದ್ಧಗಳು ನಡೆದು, ಸೈನ್ಯದ ತೋಟಾಗಳು ಒಂದರ ಹಿಂದೆ ಒಂದು ಬದಲಾದವು. ಇದು ಮಾತ್ರ ಅಳತೆ ಬದಲಿಸದೆ ಉಳಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ ಇದೇ ತೋಟಾದಲ್ಲಿ. ಆ ಸ್ಪರ್ಧೆಯ ಗುರಿಹಲಗೆಯ ನಟ್ಟನಡುವಿನ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ಅಂದರೆ ಅಂಗಿಯ ಒಂದು ಗುಂಡಿಯಷ್ಟು. ನಮ್ಮ ಗೋಡೆಗೆ ಒರಗಿರುವ ಕೋವಿಗೂ ಆ ಪದಕದ ಕೋವಿಗೂ ಬೆಲೆಯಲ್ಲಿ, ಗುಣದಲ್ಲಿ ಅಜಗಜಾಂತರವಿದ್ದರೂ ಇಬ್ಬರೂ ನುಂಗುವ ತುತ್ತು ಒಂದೇ ಎಂಬುದು ನನಗೆ ಸಣ್ಣ ಹೆಮ್ಮೆಯ ವಿಷಯ.

ಅದರ ಯಂತ್ರವನ್ನು ಬಿಚ್ಚಿ ನೋಡಿದರೆ ಅಲ್ಲಿ ಮುಚ್ಚಿಡುವ ಗುಟ್ಟೇನೂ ಇಲ್ಲ. ದೊಡ್ಡ ತೋಟಾಗಳ ಬುಡದ ನಡುವೆ ಕೇಪೊಂದು ಬೇರೆಯಾಗಿ ಕೂತಿರುತ್ತದೆ. ಇದರಲ್ಲಿ ಹಾಗಲ್ಲ, ಹಿತ್ತಾಳೆಯ ಬುಡದ ಅಂಚನ್ನು ಟೊಳ್ಳಾಗಿ ಮಡಿಸಿ, ಸಿಡಿಯುವ ಮದ್ದನ್ನು ಹಸಿಯಾಗಿರುವಾಗಲೇ ಗಿರಗಿರನೆ ತಿರುಗಿಸಿ ಆ ಅಂಚಿನೊಳಗೆ ಹರಡಿಸಿರುತ್ತಾರೆ. ಟ್ರಿಗರ್ ಎಳೆದಾಗ ಸೂಜಿ ಬಂದು ಅಂಚನ್ನು ಜಜ್ಜುತ್ತದೆ, ಮದ್ದು ಸಿಡಿಯುತ್ತದೆ, ಗುಂಡು ಹೊರಡುತ್ತದೆ, ಅಷ್ಟೇ. ಅಂಚು ಜಜ್ಜುವಷ್ಟು ತೆಳುವಾಗಿರಬೇಕಾದ್ದರಿಂದ ಹಿತ್ತಾಳೆಯೂ ತೆಳು, ಹಿತ್ತಾಳೆ ತೆಳುವಾದ್ದರಿಂದ ಒಳಗಿನ ಒತ್ತಡವನ್ನೂ ಹೆಚ್ಚಿಸುವಂತಿಲ್ಲ. ಈ ಕೋವಿಯ ಸೌಮ್ಯ ಸ್ವಭಾವಕ್ಕೆ ಮೂಲಕಾರಣ ಇದೇ. ಒಮ್ಮೊಮ್ಮೆ ಅಂಚಿನ ಯಾವುದೋ ಒಂದು ಭಾಗಕ್ಕೆ ಮದ್ದು ಸರಿಯಾಗಿ ಹರಡದೆ ತೋಟಾ ಸಿಡಿಯುವುದಿಲ್ಲ. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ತೋಟಾವನ್ನು ಹಿಂದಿನಿಂದ ಮುಚ್ಚುವ ಬೋಲ್ಟು ಎಳೆದು, ಅಂಚಿನ ಮೇಲೆ ಸೂಜಿ ಮೂಡಿಸಿದ ತಗ್ಗನ್ನು ನೋಡಿ, ತೋಟಾವನ್ನು ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿದರೆ ಬಹಳ ಸಲ ಅದು ಸಿಡಿಯುವುದುಂಟು. ತಪ್ಪು ಮಾಡಿದವನಿಗೆ ಮಗ್ಗುಲು ಬದಲಿಸಿ ಇನ್ನೊಂದು ಅವಕಾಶ ಕೊಡುವ ಈ ಏರ್ಪಾಡು ಬೇರೆ ಕೋವಿಗಳಲ್ಲಿಲ್ಲ.

ನನ್ನ ತಲೆಮಾರಿನ ಅನೇಕರಿಗೆ ಈ ರೈಫಲಿನ ಪರಿಚಯವಾದದ್ದು ಎನ್‌ಸಿಸಿಯಲ್ಲಿ. ಶಿವಮೊಗ್ಗದ ಕಾಲೇಜುಗಳಲ್ಲಿ ಓದಿದವರು ಬೂಟಿನ ಪಾಲಿಶು, ಬೆಲ್ಟಿನ ಹಿತ್ತಾಳೆ, ಪರೇಡಿನ ನಂತರದ ತಿಂಡಿ ಇವುಗಳನ್ನೆಲ್ಲ ಒಟ್ಟಿಗೆ ನೆನೆಯುವಾಗ ಫೈರಿಂಗಿನ ದಿನವನ್ನು ಮಾತ್ರ ಬೇರೆಯಾಗಿ ಎತ್ತಿಡುತ್ತಾರೆ. ನೆಲಕ್ಕೆ ಹಾಸಿದ ತಾಡಪಾಲಿನ ಮೇಲೆ ಬೋರಲು ಮಲಗಿ, ಇಪ್ಪತ್ತೈದು ಗಜ ದೂರದ ಕಾಗದದ ಮೇಲೆ ಗುಂಡು ಹಾರಿಸಿದ ಮೇಲೆ ಉಸ್ತಾದರು ನೋಡುತ್ತಿದ್ದುದು ಗುಂಡು ನಡುವಿಗೆ ಬಿತ್ತೋ ಇಲ್ಲವೋ ಎಂಬುದನ್ನಲ್ಲ, ತೂತುಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದಿವೆಯೇ ಎಂಬುದನ್ನು. ನಡುವಿನಿಂದ ಎಷ್ಟೇ ದೂರವಿದ್ದರೂ ಗುಂಪು ಬಿಗಿಯಾಗಿದ್ದರೆ ಮನುಷ್ಯ ಸರಿಯಿದ್ದಾನೆ, ತಿದ್ದಬೇಕಾದ್ದು ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆಯನ್ನು. ಗುಂಪು ಚದುರಿದ್ದರೆ ಕೋವಿಯನ್ನು ಬೈದು ಪ್ರಯೋಜನವಿಲ್ಲ. ಭುಜಕ್ಕೆ ಒದೆಯುವ ದೊಡ್ಡ ಕೋವಿಯಲ್ಲಿ ಈ ಭೇದವನ್ನು ಕಂಡುಹಿಡಿಯುವುದು ಕಷ್ಟ. ಒದೆತದ ಭಯಕ್ಕೆ ಕಣ್ಣು ಮುಚ್ಚಿದವನೂ ಕೋವಿಯ ಮೇಲೆ ದೂರು ಹೇಳಬಹುದು. ಟೂಟೂ ಒದೆಯುವುದಿಲ್ಲ, ಆದ್ದರಿಂದ ನೆಪಕ್ಕೂ ಜಾಗವಿಲ್ಲ. ಕಣ್ಣನ್ನು ಮುಂದಿನ ಮೊನೆಯ ಮೇಲೆ ನೆಟ್ಟು, ಗುರಿಹಲಗೆ ಮಂಜಾದರೆ ಆಗಲಿ ಎಂದು ಬಿಟ್ಟು, ಅರ್ಧ ಉಸಿರನ್ನು ಹೊರಗೆ ಹಾಕಿ ನಿಲ್ಲಿಸಿ, ಬೆರಳನ್ನು ಎಳೆಯದೆ ನಿಧಾನವಾಗಿ ಒತ್ತುತ್ತ ಹೋಗುವಾಗ, ಇನ್ನೂ ಸಿಡಿಯಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಸಿಡಿಯುವ ಆ ಗುಂಡಿಗಾಗಿ ಎಷ್ಟು ದೂರ ಬೇಕಾದರೂ ಹೋಗಬಹುದು.

ಹೋಗಲೇಬೇಕು, ಏಕೆಂದರೆ ತೋಟದ ಅಂಚಿನಲ್ಲಿ ಡಬ್ಬಿ ಇಟ್ಟು ಹೊಡೆಯುವ ಹವ್ಯಾಸವನ್ನು ನಾನು ಒಪ್ಪುವುದಿಲ್ಲ. ಸದ್ದು ಸಣ್ಣದೆಂಬ ಕಾರಣಕ್ಕೆ ಗುಂಡನ್ನೂ ಸಣ್ಣದೆಂದು ತಿಳಿಯುವವರೇ ಹೆಚ್ಚು. ಐವತ್ತು ಮೀಟರಿಗೆ ಗುರಿ ಕೂರಿಸಿದ ಕೋವಿಯ ಗುಂಡು ನೂರು ಮೀಟರಿನಲ್ಲಿ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಬೀಳುತ್ತದೆ ಎಂಬುದು ನಿಜ. ಆದರೆ ನಳಿಗೆಯನ್ನು ಎತ್ತಿ ಹಿಡಿದರೆ ಅದೇ ಗುಂಡು ಒಂದು ಮೈಲಿಗೂ ಮೀರಿ ಹೋಗುತ್ತದೆ, ಕಲ್ಲಿಗೋ ಕೆರೆಯ ನೀರಿಗೋ ತಾಗಿದರೆ ಪುಟಿದು ಎತ್ತಲೋ ತಿರುಗುತ್ತದೆ. ನಮ್ಮ ಮಲೆಗಳಲ್ಲಿ ಯಾವ ಪೊದೆಯ ಹಿಂದೆ ಸೊಪ್ಪು ಕಡಿಯುವವರಿದ್ದಾರೋ, ಯಾವ ದಿಬ್ಬದ ಆಚೆ ಮನೆಯಿದೆಯೋ ಹೇಳಲಾಗದು. ಹಿಂದೆ ಮಣ್ಣಿನ ಗೋಡೆಯಿರುವ ಫೈರಿಂಗ್ ಮೈದಾನವೇ ಈ ಕೋವಿಗೆ ತಕ್ಕ ಜಾಗ. ಬೇಟೆಯ ಮಾತಂತೂ ಮುಗಿದ ಅಧ್ಯಾಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರ ತಿದ್ದುಪಡಿಯಲ್ಲಿ ಪರವಾನಗಿಯ ಬೇಟೆಯೂ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಕಾಡುಕೋಳಿ ಬೆಳಗಿನ ಹೊತ್ತು ಅಂಗಳದ ಬೇಲಿಯವರೆಗೆ ಬಂದು ಕೂಗಿ ಹೋಗುವುದನ್ನು ನೋಡುವಾಗ ಗೋಡೆಯ ಮೇಲಿನ ಕೋವಿಯ ನೆನಪೇ ಬಾರದಿರುವುದು ನನ್ನ ಮಟ್ಟಿಗೆ ದೊಡ್ಡ ನೆಮ್ಮದಿ.

ಈ ರೈಫಲಿಗೆ ನಿಜವಾದ ಶತ್ರು ಮಳೆ. ಆರಿದ್ರಾದಿಂದ ಆಶ್ಲೇಷಾದವರೆಗೆ ಬಟ್ಟೆ ಒಣಗದ, ಉಪ್ಪು ನೀರಾಗುವ, ಚರ್ಮದ ಚಪ್ಪಲಿಗೆ ಬೂಸಲು ಹಿಡಿಯುವ ನಾಡಿನಲ್ಲಿ ಕಬ್ಬಿಣವನ್ನು ಕಬ್ಬಿಣವಾಗಿಯೇ ಉಳಿಸಿಕೊಳ್ಳುವುದು ವ್ರತಕ್ಕೆ ಸಮ. ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರನ್ನು ಗಜದ ತುದಿಗೆ ಸಿಕ್ಕಿಸಿ ನಳಿಗೆಯೊಳಗೆ ತೂರಿಸಿ ಎಳೆದಾಗ, ಮೊದಲು ಬರುವುದು ಕರಿ, ಆಮೇಲೆ ಬೂದು, ಕೊನೆಗೆ ಬಟ್ಟೆಯ ಬಣ್ಣವೇ. ಬಾಯಿಗೆ ಕಣ್ಣಿಟ್ಟು ಬೆಳಕಿಗೆ ಹಿಡಿದರೆ ನಳಿಗೆಯ ಒಳಗಿನ ತಿರುಚು ಗೆರೆಗಳು ಸುತ್ತುತ್ತ ಹೋಗಿ ದೂರದ ಬೆಳಕಿನ ಚುಕ್ಕೆಯಲ್ಲಿ ಸೇರುವುದು ಕಾಣುತ್ತದೆ. ಕೋವಿ ಒರೆಸುವ ಕೆಲಸಕ್ಕೆ ಇದೇ ಸಂಬಳ. ಬೋಲ್ಟನ್ನು ಮೊದಲೇ ಕಳಚಿಟ್ಟಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಕೊಬ್ಬರಿ ಎಣ್ಣೆ ಹಚ್ಚಬಾರದು, ಅದು ಚಳಿಗಾಲದಲ್ಲಿ ಗಟ್ಟಿಯಾಗಿ ಸೂಜಿಯ ಓಟವನ್ನೇ ಹಿಡಿದುಬಿಡುತ್ತದೆ. ತೋಟಾ ಇಲ್ಲದೆ ಟ್ರಿಗರ್ ಎಳೆಯುತ್ತ ಕೂರಬಾರದು, ಸೂಜಿ ನೇರವಾಗಿ ನಳಿಗೆಯ ಅಂಚಿಗೆ ಬಡಿದು ಅಲ್ಲಿ ತಗ್ಗು ಬೀಳುತ್ತದೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡ ಕೋವಿಯನ್ನು ಮಾರನೆಯ ದಿನವೇ ಒರೆಸಬೇಕು. ಒದ್ದೆ ಕುಂಕುಮ ಕೂತಲ್ಲಿ ತುಕ್ಕು ಏಳುವುದಕ್ಕೆ ದೇವರ ಅಡ್ಡಿಯೇನಿಲ್ಲ.

ಚುನಾವಣೆ ಘೋಷಣೆಯಾದಾಗ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಜೋಡುನಳಿಗೆಗಳ ನಡುವೆ ನಿಂತ ಟೂಟೂವನ್ನು ಕಂಡು ನಕ್ಕ ಪೇದೆಯೊಬ್ಬರು, "ಇದನ್ನೂ ತಂದಿರಾ ಸಾರ್?" ಎಂದರು. ಕಾನೂನಿನ ಕಣ್ಣಿಗಾದರೂ ಅದು ಉಳಿದವುಗಳ ಸಮಾನ ಎಂಬುದು ನನಗೆ ಸಮಾಧಾನವೇ ಆಯಿತು.

ನಮ್ಮ ಮನೆಯದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಆದ ರೈಫಲು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಜೆಕೊಸ್ಲೊವಾಕಿಯಾದ ಬ್ರನೋ ರೈಫಲು ಇಟ್ಟುಕೊಂಡವರು ಅದರ ಮರದ ಹಿಡಿಯನ್ನು ಸವರಿ ನೋಡಿ ಸುಮ್ಮನಾಗುತ್ತಾರೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ನನ್ನಲ್ಲಿರುವುದೂ ಎರಡೇ. ಎಪ್ಪತ್ತು ತುಂಬಿದ ಲೈಸೆನ್ಸುದಾರನು ಬದುಕಿರುವಾಗಲೇ ಕೋವಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿರುವುದರಿಂದ, ಕಳೆದ ಬೇಸಿಗೆಯಲ್ಲಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ಮಗ ಬೆಂಗಳೂರಿನಲ್ಲಿರುವವನು, ಜೋಡುನಳಿಗೆಯನ್ನು ಕೈಗೆ ತೆಗೆದುಕೊಂಡು ಒಂದು ಫೋಟೋ ತೆಗೆಸಿಕೊಂಡ. ತೋಟ ನೋಡಿಕೊಳ್ಳುವ ಮಗಳು, "ಅದು ಅಣ್ಣನಿಗೇ ಇರ್ಲಿ ಅಪ್ಪಯ್ಯ, ನಂಗೆ ಟೂಟೂ ಸಾಕು" ಎಂದಳು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿ ಪ್ರಮಾಣಪತ್ರವನ್ನೂ ತಂದಳು. ಜೊತೆಗೆ ತಾನು ಹೊಡೆದ ಗುರಿಕಾಗದವನ್ನು ಮಡಿಸಿ ತಂದು, ಗುಂಪಿನ ಅಗಲವನ್ನು ಸ್ಕೇಲಿನಿಂದ ಅಳೆದು ತೋರಿಸಿದಳು. ಅರ್ಜಿ ಈಗ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿದೆ, ಠಾಣೆಯ ವರದಿ ಬರಬೇಕಾಗಿದೆ. ಹೆಸರು ಬದಲಾಗುವವರೆಗೆ ಎಣ್ಣೆ ಹಚ್ಚುವ ಕೆಲಸ ಲೈಸೆನ್ಸುದಾರನದ್ದೇ ಎಂದು ಅವಳು ತೀರ್ಮಾನಿಸಿದ್ದಾಳೆ.