ಮೂರೂವರೆ ಗ್ರಾಮಿನ ಭ್ರಮೆ

ಚಿನ್ನದ ಬೆಲೆ ಏರಿದ ಸುದ್ದಿ ಓದಿದಾಗಲೆಲ್ಲ ಮುಂಬಯಿಯ ಮಾಟುಂಗಾದ ನಮ್ಮ ಮನೆಯಲ್ಲಿ ನಾನು ಬೆರಳಿನ ಉಂಗುರ ತಿರುಗಿಸುತ್ತಾ ಕೂರುವುದುಂಟು. 2022ರ ಮದುವೆಯಲ್ಲಿ ಮಾವನವರು ತೊಡಿಸಿದ ಆ ಉಂಗುರ ಎಷ್ಟು ಗ್ರಾಮಿನದೆಂದು ಅವರನ್ನೇ ಕೇಳುವುದು ಅಳಿಯನಾದವನಿಗೆ ಶೋಭಿಸದಾದ್ದರಿಂದ, ಕಳೆದ ಭಾನುವಾರ ಅದನ್ನು ಲೆಕ್ಕದಿಂದಲೇ ಕಂಡುಹಿಡಿಯಲು ಹೊರಟೆ.

ಸ್ಕೇಲಿಟ್ಟು ಅಳೆದರೆ ಒಳವ್ಯಾಸ 18 ಮಿಲಿಮೀಟರ್, ಅಗಲ 2 ಮಿಲಿಮೀಟರ್. ಉಂಗುರವೆಂದರೆ ಬಾಗಿಸಿದ ದುಂಡು ತಂತಿಯೇ ತಾನೆ? ಅದನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಸುಮಾರು 63 ಮಿಲಿಮೀಟರ್ ಉದ್ದ, ಗಾತ್ರ 0.2 ಘನ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. 22 ಕ್ಯಾರೆಟ್ ಚಿನ್ನ ಘನ ಸೆಂಟಿಮೀಟರಿಗೆ ಹೆಚ್ಚುಕಡಿಮೆ 17.7 ಗ್ರಾಂ ತೂಗುವುದರಿಂದ, ಉತ್ತರ ಮೂರೂವರೆ ಗ್ರಾಂ. ಮಾವನವರ ಮೇಲಿನ ನನ್ನ ಗೌರವವೂ ಅದೇ ಪ್ರಮಾಣದಲ್ಲಿ ಏರಿತು.

ಹೆಂಡತಿ ಮಾತಾಡದೆ ಅಡುಗೆಮನೆಯ ತಕ್ಕಡಿ ತಂದಿಟ್ಟಳು. ಅದು 2 ಎಂದು ತೋರಿಸಿತು. ಉಪ್ಪಿಟ್ಟಿನ ರವೆ ತೂಗುವ ಯಂತ್ರಕ್ಕೆ ದಶಮಾಂಶದ ಸೂಕ್ಷ್ಮ ಎಲ್ಲಿಂದ ಬರಬೇಕೆಂದು ಅದನ್ನು ಪಕ್ಕಕ್ಕೆ ಸರಿಸಿ, ಆರ್ಕಿಮಿಡೀಸನ ಮೊರೆಹೊಕ್ಕು, ಕೆಮ್ಮಿನ ಔಷಧಿಯ ಅಳತೆ ಲೋಟದಲ್ಲಿ ನೀರು ತುಂಬಿ ಉಂಗುರವನ್ನು ಮುಳುಗಿಸಿದೆ. ನೀರು ಕದಲಲಿಲ್ಲ. ಆ ಉಂಗುರ ಮೇಲಕ್ಕೆ ತಳ್ಳಬಹುದಾಗಿದ್ದದ್ದು ಸುಮಾರು ಎರಡು ಹನಿ ನೀರನ್ನಷ್ಟೇ ಎಂಬುದು ಆಮೇಲೆ ತಿಳಿಯಿತು. ಆಗ ತಿಳಿದದ್ದು, ಲೋಟದ ತಳದ ಔಷಧಿಯ ಅಂಟಿನಿಂದ ಉಂಗುರವನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದು ಮಾತ್ರ.

ಮರುದಿನ ಮುಂಬಾದೇವಿ ಗುಡಿಯ ಹತ್ತಿರದ ಝವೇರಿ ಬಜಾರಿಗೆ ಇಬ್ಬರೂ ಹೋದೆವು. ಅಂಗಡಿಯವರ ತಕ್ಕಡಿಯಲ್ಲಿ 1.65 ಗ್ರಾಂ! ಅವರು ಉಂಗುರವನ್ನು ಓರೆಯಾಗಿ ಹಿಡಿದು ತೋರಿಸಿದರು: ಹೊರಗೆ ಉಬ್ಬು, ಒಳಗೆ ಚಪ್ಪಟೆ, ದಪ್ಪ ಒಂದೇ ಮಿಲಿಮೀಟರ್. ಅಗಲವನ್ನೇ ದಪ್ಪವೆಂದು ತಿಳಿದು ನಾನು ಇಲ್ಲದ ಅರ್ಧ ತಂತಿಗೂ ಚಿನ್ನ ತುಂಬಿದ್ದೆ. ಸೋಲೊಪ್ಪದೆ, "ಹಾಗಾದರೆ ಹಾಲ್‌ಮಾರ್ಕ್ ಯಾಕಿಲ್ಲ?" ಎಂದು ಕೊನೆಯ ಬಾಣ ಬಿಟ್ಟೆ. "2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಅದು ಕಡ್ಡಾಯವಲ್ಲ, ಸಾಹೇಬರೇ," ಎಂದರು. ಅಂದರೆ ಇಲ್ಲದ ಆ ಮುದ್ರೆ ಇಷ್ಟು ವರ್ಷ ನನಗೆ ತೂಕವನ್ನು ಹೇಳುತ್ತಲೇ ಇತ್ತು.

ಮಸ್ಜಿದ್ ನಿಲ್ದಾಣದಲ್ಲಿ ಲೋಕಲ್ಲಿಗೆ ಕಾಯುತ್ತಿರುವಾಗ ಹೆಂಡತಿಯ ಫೋನು ಮೊಳಗಿತು. "ಹೌದಪ್ಪಾ, ಬಜಾರಿಗೇ ಬಂದಿದ್ದೆವು," ಎಂದಳು ಅವಳು, ನನ್ನನ್ನೇ ನೋಡುತ್ತಾ. "ಇವರು ನೀವು ಕೊಟ್ಟ ಉಂಗುರವನ್ನು ತೂಗಿಸಬೇಕೆಂದರು."